ಕುಟುಂಬದ ಕೇಸಿಗೆ ವಕೀಲರನ್ನು ಹುಡುಕುವ ಮುನ್ನ

ಬಾಂಡ್ ಪೇಪರಿನ ಮೇಲೆ ‘ಇನ್ನು ನಮಗೂ ಅವರಿಗೂ ಸಂಬಂಧವಿಲ್ಲ’ ಎಂಬ ನಾಲ್ಕು ಸಾಲು. ಕೆಳಗೆ ಗಂಡ-ಹೆಂಡತಿಯ ಸಹಿ, ಹಿರಿಯರ ಸಾಕ್ಷಿ, ಮೂಲೆಯಲ್ಲಿ ನೋಟರಿಯ ಸೀಲು. ಇಂಥ ಸೋಡಚೀಟಿ ಹಿಡಿದುಕೊಂಡು ಹುಬ್ಬಳ್ಳಿ-ಧಾರವಾಡದ ವಕೀಲರ ಕಚೇರಿಗೆ ಬರುವವರು ಇಂದಿಗೂ ಇದ್ದಾರೆ. ಕಾಗದ ಆದ ಮೇಲೆ ಎಲ್ಲ ಮುಗಿಯಿತು ಎಂದೇ ಅವರ ನಂಬಿಕೆ. 1955ರ ಹಿಂದೂ ವಿವಾಹ ಕಾಯ್ದೆ ರೂಢಿಯ ವಿಚ್ಛೇದನವನ್ನು ಒಪ್ಪುತ್ತದೆ, ನಿಜ. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಆಗದಿದ್ದರೆ ಮೊದಲ ಮದುವೆ ಹಾಗೇ ಉಳಿಯುತ್ತದೆ, ಮತ್ತೆ ಮದುವೆಯಾಗಿದ್ದರೆ ಅದು ಅಸಿಂಧುವಾಗುತ್ತದೆ, ಶಿಕ್ಷೆಯೂ ಆಗಬಹುದು. ಆದ್ದರಿಂದ ವಕೀಲರನ್ನು ಕಾಣಬೇಕಾದದ್ದು ಸಹಿ ಹಾಕುವ ಮೊದಲು.

ಮೊದಲು ನಿಮಗೇನು ಬೇಕು, ಗೊತ್ತುಮಾಡಿಕೊಳ್ಳಿ

ಮನೆಯ ಜಗಳದಲ್ಲಿ ಎಲ್ಲವೂ ಒಟ್ಟಿಗೇ ಕಲಸಿಕೊಂಡಿರುತ್ತವೆ. ಹೊಡೆತದಿಂದ ರಕ್ಷಣೆ ಬೇಕೇ, ತಿಂಗಳ ಖರ್ಚಿಗೆ ಪೋಟಗಿ ಬೇಕೇ, ಮಕ್ಕಳು ಬೇಕೇ, ವಿಚ್ಛೇದನವೇ ಬೇಕೇ ಎಂದು ಬಿಡಿಸಿ ನೋಡಿ. ಒಂದೊಂದಕ್ಕೂ ದಾರಿ ಬೇರೆ.

ಹಿಂಸೆ ನಡೆಯುತ್ತಿದ್ದರೆ ಕಾಯಬೇಡಿ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಅವರೇ ಸಂರಕ್ಷಣಾಧಿಕಾರಿ. ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಇದೇ ಕಾಯ್ದೆ ಕೊಡುತ್ತದೆ.

ಪೋಟಗಿಗೆ 2024ರ ಜುಲೈ 1ರವರೆಗೆ ಇದ್ದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಹೆಂಡತಿ, ಮಕ್ಕಳು ಮಾತ್ರವಲ್ಲ, ತಮ್ಮನ್ನು ತಾವು ಸಾಕಿಕೊಳ್ಳಲಾಗದ ತಂದೆ-ತಾಯಿಯೂ ಇದರಲ್ಲಿ ಕೇಳಬಹುದು. ಮಧ್ಯಂತರ ಪೋಟಗಿಯ ಅರ್ಜಿಯನ್ನು, ಎದುರಿನವರಿಗೆ ನೋಟಿಸು ಮುಟ್ಟಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದು ಕಾನೂನೇ ಹೇಳುತ್ತದೆ. ಮೊದಲ ಭೇಟಿಯಲ್ಲೇ ವಕೀಲರಿಗೆ ಇದನ್ನು ನೆನಪಿಸಿದರೆ ತಪ್ಪೇನಿಲ್ಲ.

ವಿಚ್ಛೇದನಕ್ಕೆ ಇಬ್ಬರಿಗೂ ಒಪ್ಪಿಗೆಯಿದ್ದು, ಒಂದು ವರ್ಷ ಬೇರೆ ಇದ್ದವರು ಜಂಟಿ ಅರ್ಜಿ ಹಾಕಬಹುದು. ಆಮೇಲೆ ಆರು ತಿಂಗಳು ಕಾಯಬೇಕು. ಪೋಟಗಿ, ಮಕ್ಕಳ ವಿಷಯವೆಲ್ಲ ಇತ್ಯರ್ಥವಾಗಿದ್ದರೆ ಈ ಅವಧಿಯನ್ನು ಕೋರ್ಟು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇದು ಹಿಂದೂಗಳಿಗೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಕಾಯ್ದೆ ಬೇರೆ, ಆ ಕಾಯ್ದೆ ಬಲ್ಲ ವಕೀಲರನ್ನೇ ಹುಡುಕಿ.

ಯಾವ ಊರಿನ ಕೋರ್ಟು?

ಹುಬ್ಬಳ್ಳಿಯಲ್ಲೊಂದು, ಧಾರವಾಡದಲ್ಲೊಂದು ಕೌಟುಂಬಿಕ ನ್ಯಾಯಾಲಯವಿದೆ. ಚಿಗರಿ ಬಸ್ಸು ಹತ್ತಿದರೆ ಎರಡೂ ಒಂದೇ ಊರಿನಂತೆ ಕಂಡರೂ ಕೋರ್ಟಿನ ವ್ಯಾಪ್ತಿ ಬೇರೆ ಬೇರೆ. ಮದುವೆಯಾದ ಊರು, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರು, ಎದುರಿನವರು ಇರುವ ಊರು, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಹೆಂಡತಿ ಅರ್ಜಿದಾರಳಾದರೆ ಅವಳೀಗ ಇರುವ ಊರೂ ಆಗುತ್ತದೆ. ಬೆಂಗಳೂರಿನ ಗಂಡನ ಮನೆಯಿಂದ ಧಾರವಾಡದ ತವರಿಗೆ ಬಂದವಳು ಧಾರವಾಡದಲ್ಲೇ ಕೇಸು ಹಾಕಬಹುದು. ತಾರೀಖಿಗೊಮ್ಮೆ ಬೆಂಗಳೂರಿಗೆ ಓಡಬೇಕೆಂದು ಹೆದರಿ ಎಷ್ಟೋ ಹೆಣ್ಣುಮಕ್ಕಳು ಸುಮ್ಮನೆ ಕೂರುತ್ತಾರೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ವಕೀಲರ ಹಿನ್ನೆಲೆ ಕೇಳಲು ಸಂಕೋಚ ಬೇಡ

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯ ಕೊನೆಯಲ್ಲಿ ವರ್ಷ ಇರುತ್ತದೆ. ಎಷ್ಟು ವರ್ಷದ ಅನುಭವ ಎಂದು ಅದರಿಂದಲೇ ತಿಳಿಯುತ್ತದೆ. ಧಾರವಾಡದ ಸರ್ ಸಿದ್ದಪ್ಪ ಕಂಬಳಿ ಕಾಲೇಜಿನಲ್ಲಿ ಓದಿದ್ದೋ, ಇನ್ನೆಲ್ಲೋ ಎನ್ನುವುದಕ್ಕಿಂತ ಕೌಟುಂಬಿಕ ನ್ಯಾಯಾಲಯದಲ್ಲಿ ನಿತ್ಯ ನಿಲ್ಲುತ್ತಾರೆಯೇ ಎನ್ನುವುದು ಮುಖ್ಯ. ಆಸ್ತಿ ವ್ಯಾಜ್ಯದಲ್ಲಿ ಪಳಗಿದವರು ಪಾಟೀಸವಾಲಿನಲ್ಲಿ ಗಟ್ಟಿಗರಿರಬಹುದು. ಆದರೆ ಮಗುವಿನ ಕಸ್ಟಡಿ ವಿಷಯದಲ್ಲಿ ಬೇಕಾದ ತಾಳ್ಮೆ ಬೇರೆ ಬಗೆಯದು.

ತಾರೀಖಿಗೆ ನೀವೇ ಬರುತ್ತೀರಾ, ಜೂನಿಯರನ್ನು ಕಳಿಸುತ್ತೀರಾ ಎಂದು ಕೇಳಿ. ಎದುರಿನವರಿಗೆ ಈ ಮೊದಲು ಇದೇ ವಿಷಯದಲ್ಲಿ ಸಲಹೆ ಕೊಟ್ಟಿದ್ದೀರಾ ಎಂದೂ ಕೇಳಿ. ಕೊಟ್ಟಿದ್ದರೆ ಅವರು ನಿಮ್ಮ ಪರ ನಿಲ್ಲುವಂತಿಲ್ಲ. ಬೀಗರು, ನೆಂಟರು ಒಂದೇ ಓಣಿಯಲ್ಲಿರುವ ಅವಳಿ ನಗರದಲ್ಲಿ ಈ ಪ್ರಶ್ನೆ ಬೇಕೇ ಬೇಕು. ವಕೀಲರು ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವಂತಿಲ್ಲ. ಹಾಗಾಗಿ ಕೋರ್ಟಿನ ಗೇಟಿನಲ್ಲಿ ‘ಬರ್ರಿ, ನಮ್ಮ ಸಾಹೇಬ್ರ ಕಡೆ ಕರಕೊಂಡು ಹೋಗ್ತೇನಿ’ ಎನ್ನುವವರ ಬೆನ್ನು ಹತ್ತಬೇಡಿ. ‘ಗ್ಯಾರಂಟಿ ಗೆಲ್ಲಿಸಿಕೊಡ್ತೇನಿ’ ಎಂದರೆ ಎದ್ದು ಬನ್ನಿ. ಒಳ್ಳೆಯ ವಕೀಲರು ಮೊದಲ ದಿನ ಹೇಳುವುದಕ್ಕಿಂತ ಕೇಳುವುದೇ ಹೆಚ್ಚು, ನಿಮಗೆ ಕಹಿಯೆನಿಸುವ ಪ್ರಶ್ನೆಗಳನ್ನೂ ಕೇಳುತ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಇಲ್ಲಿ ವಕೀಲರಿಂದಲೇ ವಾದ ಮಾಡಿಸುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ನ್ಯಾಯಾಧೀಶರ ಮುಂದೆ ನೀವೇ ಮಾತಾಡಬೇಕಾಗಿ ಬರಬಹುದು. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಏನಿದೆ ಎಂದು ಕನ್ನಡದಲ್ಲಿ ಓದಿಸಿಕೊಳ್ಳದೆ ಸಹಿ ಮಾಡಬೇಡಿ.

ಫೀ ಮತ್ತು ಉಚಿತ ನೆರವು

ಅರ್ಜಿ ಬರೆಯಲು ಎಷ್ಟು, ತಾರೀಖಿಗೆ ಎಷ್ಟು, ಪಾಟೀಸವಾಲಿಗೆ ಬೇರೆಯೇ ಎಂದು ಮೊದಲೇ ಮಾತಾಡಿ, ಕೊಟ್ಟಿದ್ದಕ್ಕೆ ರಶೀದಿ ಪಡೆಯಿರಿ. ಬರುವ ಪೋಟಗಿಯಲ್ಲಿ ಇಷ್ಟು ಪಾಲು ಎಂದು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಫೀ ಬಾಕಿಯಿದೆಯೆಂದು ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ.

ಹಣವಿಲ್ಲವೆಂದು ಕೂರಬೇಕಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನೌಕರಿ ಇರುವ ಹೆಣ್ಣುಮಗಳಿಗೂ ಇದು ಸಿಗುತ್ತದೆ.

ಚೀಲದಲ್ಲಿ ಏನಿರಬೇಕು

ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿಯಾಗಿದ್ದರೆ ಅದರ ಪತ್ರ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ಫೀ ರಶೀದಿ, ತವರಿನಲ್ಲಿ ಹಾಕಿದ ಬಂಗಾರದ ಬಿಲ್ಲು, ಬ್ಯಾಂಕ್ ಪಾಸ್‌ಬುಕ್. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಫೋನು ಬದಲಿಸಬೇಡಿ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಪೋಟಗಿಯ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಬಗ್ಗೆ ಅಫಿಡವಿಟ್ ಸಲ್ಲಿಸಲೇಬೇಕು. ಅದರಲ್ಲಿ ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದರೆ ನಿಮ್ಮ ಉಳಿದ ಮಾತನ್ನೂ ಕೋರ್ಟು ನಂಬುವುದಿಲ್ಲ. ಗಂಡನ ಸಂಬಳದ ಚೀಟಿ ಸಿಗದಿದ್ದರೆ ಕಚೇರಿಯ ಹೆಸರು, ಹುದ್ದೆ, ಹೊಲದ ಸರ್ವೆ ನಂಬರು ಬರೆದುಕೊಂಡು ಹೋಗಿ. ಅಷ್ಟಿದ್ದರೆ ವಕೀಲರು ದಾಖಲೆ ತರಿಸಲು ಕೋರ್ಟನ್ನು ಕೇಳಬಹುದು.

ಕೇಸು ನಡೆಯುವಾಗ

ಕೋರ್ಟು ಮೊದಲು ರಾಜಿಗೆ ಯತ್ನಿಸುತ್ತದೆ. ಅದು ಕಾಯ್ದೆಯೇ ಹೊರಿಸಿದ ಹೊಣೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಗೋಪ್ಯವಾಗಿರುತ್ತದೆ, ಬಿಚ್ಚಿ ಮಾತಾಡಿ. ಹೆದರಿಸಿ ಮಾಡಿಸಿದ ರಾಜಿಗೆ ಮಾತ್ರ ಸಹಿ ಬೇಡ. ವಿಚಾರಣೆ ಬಾಗಿಲು ಮುಚ್ಚಿ ನಡೆಯಲಿ ಎಂದು ಕೇಳಿದರೆ ಕೋರ್ಟು ಹಾಗೇ ನಡೆಸಬೇಕು. ಸಿಎನ್‌ಆರ್ ಎಂಬ ಕೇಸಿನ ಗುರುತು ಸಂಖ್ಯೆ ಪಡೆದುಕೊಂಡರೆ ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಬಹುದು, ಗುಮಾಸ್ತರಿಗೆ ದಿನಾ ಫೋನು ಮಾಡಬೇಕಿಲ್ಲ.

ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಮೇಲ್ಮನವಿಗೆ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಕೊಟ್ಟಿರುವುದು 30 ದಿನ, ಆ ಲೆಕ್ಕ ಹಿಡಿದೇ ಓಡಾಡಿ. ಅದಕ್ಕೂ ಬೆಂಗಳೂರಿಗೆ ಹೋಗಬೇಕಿಲ್ಲ. 2013ರಿಂದ ಕಾಯಂ ಆಗಿರುವ ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ.