ಹನ್ನೆರಡು ಹೆಸರು ಬರೆಯುವ ಮುನ್ನ



ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಜವಾಬ್ದಾರಿ ನಿನ್ನ ಹೆಗಲಿಗೆ ಬಂದಿದೆ ಎಂದು ತಿಳಿದು ಸಂತೋಷವಾಯಿತು. ಅಮೆರಿಕದ ಕಾಲೇಜುಗಳಲ್ಲಿ ಕೋಚ್ ಬೇರೆ, ಜನರಲ್ ಮ್ಯಾನೇಜರ್ ಬೇರೆ ಇರುತ್ತಾರಂತೆ, ನಮ್ಮ ಕಡೆ ಆ ಕೆಲಸ ಯಾರದು ಎಂದು ನೀನು ಕೇಳಿದ್ದೀಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಾಲೇಜುಗಳಿಗೆ ಹೊಸದಾಗಿ ಬಂದಿರುವ ನಿನ್ನ ಓರಗೆಯವರೂ ಓದಲಿ ಎಂದು ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಆ ಕೆಲಸ ನಿನ್ನದೇ ತಮ್ಮಾ. ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನೇ ಕೋಚ್, ಅವನೇ ಮ್ಯಾನೇಜರ್, ಎಷ್ಟೋ ಸಲ ಅಂಕಣಕ್ಕೆ ಸುಣ್ಣ ಎಳೆಯುವವನೂ ಅವನೇ. ಆದರೆ ಆಟ ಕಲಿಸುವುದಕ್ಕೂ ತಂಡ ಕಟ್ಟುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ಬಿ.ಪಿ.ಎಡ್., ಎಂ.ಪಿ.ಎಡ್. ಓದುವಾಗ ಕಲಿತಿದ್ದೀಯ. ಎರಡನೆಯದನ್ನು ಯಾರೂ ಪಾಠ ಮಾಡುವುದಿಲ್ಲ. ಅದರ ಬಗ್ಗೆಯೇ ಈ ಪತ್ರ.

ಮೊದಲು ಅಲ್ಲಿಯ ಸಂಗತಿ ಕೇಳು. 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ಪಟ್ಟಿ ಶುರು ಮಾಡಿತು. ಕಾಲೇಜು ಬದಲಿಸಬೇಕೆನ್ನುವ ಆಟಗಾರ ಅದರಲ್ಲಿ ಹೆಸರು ಸೇರಿಸಿದರೆ ಬೇರೆ ಕಾಲೇಜಿನವರು ಅವನನ್ನು ಕರೆಯಬಹುದು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರವನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಲು ಅನುಮತಿ ಸಿಕ್ಕಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡುವಂತಾಯಿತು. ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹೋದ ವರ್ಷ ಆಡಿದ ತಂಡ ಈ ವರ್ಷ ಇರುತ್ತದೆಂಬ ಖಾತರಿ ಹೋಯಿತು. ಯಾರನ್ನು ಕರೆತರಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾರು ಬಿಟ್ಟುಹೋದರೆ ಆ ಜಾಗಕ್ಕೆ ಯಾರು ಎಂದು ಲೆಕ್ಕ ಹಾಕುವುದರಲ್ಲೇ ಕೋಚ್‌ಗಳ ಸಮಯವೆಲ್ಲ ಹೋಗತೊಡಗಿತು. ಹಾಗಾಗಿ, ಆ ರಾಜಿಗೂ ಮೊದಲೇ, ಜನರಲ್ ಮ್ಯಾನೇಜರ್ ಎಂಬ ಹುದ್ದೆ ಬಂತು.

ಡ್ಯೂಕ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 2022ರಲ್ಲಿ ರೇಚಲ್ ಬೇಕರ್ ಎಂಬ ಹೆಣ್ಣುಮಗಳು ಜನರಲ್ ಮ್ಯಾನೇಜರ್ ಆಗಿ ಬಂದರು. 2024ರ ಸೆಪ್ಟೆಂಬರ್‌ನಲ್ಲಿ ಏಡ್ರಿಯನ್ ವೊಜ್ನಾರೊವ್‌ಸ್ಕಿ ಎಂಬ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ವರದಿಗಾರ ಇಎಸ್‌ಪಿಎನ್ ವಾಹಿನಿಯ ಭಾರೀ ಸಂಬಳದ ಕೆಲಸ ಬಿಟ್ಟು, ತಾನು ಓದಿದ ಸೇಂಟ್ ಬೊನವೆಂಚರ್ ಎಂಬ ಸಣ್ಣ ಊರಿನ ಸಣ್ಣ ವಿಶ್ವವಿದ್ಯಾಲಯಕ್ಕೆ ಇದೇ ಹುದ್ದೆಗೆ ಹೋದರು. ಈ ಎರಡನೆಯ ಸಂಗತಿಯನ್ನು ನೆನಪಿಟ್ಟುಕೋ. ತಂಡ ಕಟ್ಟುವುದು ತನ್ನ ಬದುಕನ್ನು ಕೊಡಬಹುದಾದಷ್ಟು ದೊಡ್ಡ ಕೆಲಸವೆಂದು ಹೆಸರಾಂತ ಒಬ್ಬ ಮನುಷ್ಯನಿಗೆ ಅನಿಸಿತು.

ಈಗ ನಮ್ಮ ಕಡೆ ಬಾ. ಅಲ್ಲಿ ಹುಡುಗ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನೆ. ನಮ್ಮಲ್ಲಿ ಆಟವನ್ನೇ ಬಿಟ್ಟುಹೋಗುತ್ತಾನೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಮನೆಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಬ್ಬಿಗೆ, ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋಗುತ್ತಾರೆ. ಅಪ್ಪ ಅಮ್ಮ ಹೋದರೆ ಹಟ್ಟಿಯಲ್ಲಿರುವ ಅಜ್ಜಿ, ದನ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ನಿನ್ನ ಪಾಯಿಂಟ್ ಗಾರ್ಡ್ ಹುಡುಗನೇ. ಹುಡುಗಿಗೆ ಎರಡನೇ ವರ್ಷದ ಪದವಿಯಲ್ಲೇ ಲಗ್ನ ಗೊತ್ತಾಗುತ್ತದೆ. ಕೊನೆಯ ಬಸ್ಸು ಐದೂವರೆಗೆ ಹೊರಡುವ ಹಳ್ಳಿಯ ಹುಡುಗ ನಾಲ್ಕೂವರೆಗೇ ಚೆಂಡು ಇಟ್ಟು ಚೀಲ ಹೆಗಲಿಗೇರಿಸುತ್ತಾನೆ. ಇವರಲ್ಲಿ ಯಾರಿಗೂ ಆಟ ಬೇಡವಾಗಿಲ್ಲ. ಬಿಡದೆ ದಾರಿಯಿಲ್ಲದೆ ಬಿಡುತ್ತಾರೆ. ಆದ್ದರಿಂದ ನಮ್ಮ ಸೀಮೆಯಲ್ಲಿ ತಂಡ ಕಟ್ಟುವವನ ಮೊದಲ ಕೆಲಸ ಆಟಗಾರರನ್ನು ಆಟದಲ್ಲಿ ಉಳಿಸಿಕೊಳ್ಳುವುದು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಅದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡು. ಒಬ್ಬೊಬ್ಬರಿಗೆ ಒಂದು ಪುಟ. ಎತ್ತರ, ತೂಕ ಎಲ್ಲರೂ ಬರೆಯುತ್ತಾರೆ. ನೀನು ಅದರ ಕೆಳಗೆ ಊರು, ಕಾಲೇಜಿನಿಂದ ದೂರ, ಬೆಳಗಿನ ಮೊದಲ ಬಸ್ಸು, ಸಂಜೆಯ ಕೊನೆಯ ಬಸ್ಸು, ಮನೆಯಲ್ಲಿ ಕೊನೆಯ ಮಾತು ಯಾರದು, ಮನೆಯವರು ಗುಳೆ ಹೋಗುವ ತಿಂಗಳು, ಶೂ ಅಳತೆ, ಹಾಜರಾತಿ, ಬಾಕಿ ಉಳಿದ ಪೇಪರ್‌ಗಳು ಎಲ್ಲವನ್ನೂ ಬರೆ. ಹಡಗಲಿ ಕಡೆ ಮಲ್ಲಿಗೆ ಬೆಳೆಯುವ ಮನೆಯ ಹುಡುಗಿಗೆ ನಸುಕಿನಲ್ಲೇ ಮೊಗ್ಗು ಬಿಡಿಸುವ ಕೆಲಸವಿರುತ್ತದೆ. ಅವಳನ್ನು ಬೆಳಗಿನ ಅಭ್ಯಾಸಕ್ಕೆ ಕರೆದರೆ ಬರಲಾರಳು, ಸಂಜೆಗೆ ಕರೆದರೆ ತಪ್ಪಿಸಲಾರಳು. ಕೂಡ್ಲಿಗಿ ಕಡೆ ಶೇಂಗಾ ಕೀಳುವಾಗ, ಹರಪನಹಳ್ಳಿ ಕಡೆ ಮೆಕ್ಕೆಜೋಳ ಮುರಿಯುವಾಗ ಅರ್ಧ ತಂಡ ಹೊಲದಲ್ಲಿರುತ್ತದೆ. ಭರತ ಹುಣ್ಣಿಮೆಗೆ ಮೈಲಾರ, ಉಚ್ಚಂಗಿದುರ್ಗದ ಜಾತ್ರೆ, ಅದರ ಆಸುಪಾಸಿನಲ್ಲೇ ಕೊಟ್ಟೂರಿನ ತೇರು. ಈ ದಿನಗಳಲ್ಲಿ ಹುಡುಗರು ಬರಲಿಲ್ಲವೆಂದು ಸಿಟ್ಟು ಮಾಡಬೇಡ. ವರ್ಷದ ಮೊದಲೇ ಗುರುತು ಹಾಕಿಕೊಂಡು ಅಭ್ಯಾಸದ ಪಟ್ಟಿ ಮಾಡು. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯ ಮೇಲೆ ಹಾಯುತ್ತದೆ. ಕೂಡ್ಲಿಗಿಗೂ ಹಡಗಲಿಗೂ ರೈಲಿಲ್ಲ. ಐದು ತಾಲ್ಲೂಕಿನ ತಂಡಗಳನ್ನು ಒಂದೆಡೆ ಸೇರಿಸಿ ಅಭ್ಯಾಸ ಪಂದ್ಯ ಆಡಿಸುವಾಗ ಇದೂ ಲೆಕ್ಕಕ್ಕೆ ಬರಬೇಕು.

ಆಟಗಾರರನ್ನು ಎಲ್ಲಿ ಹುಡುಕಬೇಕು? ನಮ್ಮ ಹಳ್ಳಿಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ನೋಡಿದ ಮಕ್ಕಳೇ ಕಡಿಮೆ. ಆದರೆ ಕಬಡ್ಡಿ, ಖೋ-ಖೋ, ವಾಲಿಬಾಲ್ ಆಡದ ಊರಿಲ್ಲ. ಪ್ರವೇಶಾತಿ ನಡೆಯುವ ದಿನಗಳಲ್ಲಿ ಆಫೀಸಿನ ಎದುರು ಕುರ್ಚಿ ಹಾಕಿಕೊಂಡು ಕೂರು. ಅಲ್ಲಿ ಸಿಕ್ಕುವಷ್ಟು ಆಟಗಾರರು ಬೇರೆಲ್ಲೂ ಸಿಕ್ಕುವುದಿಲ್ಲ. ಖೋ-ಖೋದಲ್ಲಿ ಕಂಬ ಸುತ್ತಿ ತಿರುಗಿದ ಹುಡುಗಿಯ ಕಾಲಿಗೆ ದಿಕ್ಕು ಬದಲಿಸುವುದು ಗೊತ್ತು. ಅವಳ ಕೈಗೆ ಚೆಂಡು ಕೊಟ್ಟು ಡ್ರಿಬಲ್ ಕಲಿಸಿದರೆ ಗಾರ್ಡ್ ಆಗುತ್ತಾಳೆ. ವಾಲಿಬಾಲ್‌ನಲ್ಲಿ ನೆಟ್ ಮುಂದೆ ಹಾರುವವನಿಗೆ ರಿಬೌಂಡ್ ಹಿಡಿಯುವ ಹೊತ್ತು ತಿಳಿದಿರುತ್ತದೆ. ಕಬಡ್ಡಿಯವನು ಮೈ ತಗುಲಿದರೆ ಹೆದರುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಮಣ್ಣಿನಲ್ಲಿ ಓಡಿದ ಕಾಲುಗಳ ಶಕ್ತಿಗೆ ಬೇರೆ ಸಾಕ್ಷಿ ಬೇಡ. ಒಂದು ಎಚ್ಚರ ಮಾತ್ರ ಇರಲಿ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರನ್ನು ಶೂ ಇಲ್ಲದೆ ಸಿಮೆಂಟ್ ಅಂಕಣಕ್ಕೆ ಇಳಿಸಬೇಡ. ಹರಡು ಉಳುಕಿದರೆ ಹೊಲದ ಕೆಲಸವೂ ಹೋಗುತ್ತದೆ, ಮನೆಯವರು ಮತ್ತೆ ಕಳಿಸುವುದಿಲ್ಲ. ನಿನ್ನ ಬಜೆಟ್ಟಿನಲ್ಲಿ ಮೊದಲ ಖರ್ಚು ಶೂ, ಆಮೇಲೆ ಜರ್ಸಿ.

ಪಟ್ಟಿಯಲ್ಲಿ ಹನ್ನೆರಡು ಹೆಸರು ಬರೆಯುತ್ತೀಯ, ಅಂಕಣದಲ್ಲಿ ಆಡುವುದು ಐವರು. ಅನೇಕರು ಆ ಐವರನ್ನೇ ತಂಡವೆಂದು ತಿಳಿದು ಉಳಿದ ಏಳು ಜಾಗವನ್ನು ಯಾರದೋ ಮಾತಿಗೆ, ಮುಲಾಜಿಗೆ ತುಂಬಿಸುತ್ತಾರೆ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್‌ಗಳ ಆಟವಿದು, ಐದು ಫೌಲ್ ಆದವನು ಹೊರಗೆ. ಮೂರನೇ ಕ್ವಾರ್ಟರ್‌ನಲ್ಲಿ ನಿನ್ನ ಸೆಂಟರ್ ಆಟಗಾರ ನಾಲ್ಕನೇ ಫೌಲ್ ಮಾಡಿದಾಗ ಬೆಂಚಿನ ಕಡೆ ತಿರುಗಿ ನೋಡುತ್ತೀಯಲ್ಲ, ನೀನು ಕಟ್ಟಿದ ತಂಡ ಎಂಥದ್ದೆಂದು ಆಗ ಗೊತ್ತಾಗುತ್ತದೆ. ಒಂದೊಂದು ಜಾಗಕ್ಕೂ ಇಬ್ಬರು ತಯಾರಿರಲಿ. ಹನ್ನೆರಡರಲ್ಲಿ ಮೂವರಾದರೂ ಮೊದಲ ವರ್ಷದವರಿರಲಿ, ಇಲ್ಲದಿದ್ದರೆ ಕೊನೆಯ ವರ್ಷದವರು ಹೋದಾಗ ತಂಡವೂ ಅವರ ಜೊತೆಗೇ ಹೋಗುತ್ತದೆ. ಬೆಂಚಿನ ಮೇಲೆ ಕೂತವನಿಗೆ ತಾನು ಯಾಕೆ ಕೂತಿದ್ದೇನೆ, ಯಾವಾಗ ಇಳಿಯುತ್ತೇನೆ ಎಂಬುದನ್ನು ನೀನೇ ಬಾಯಿಬಿಟ್ಟು ಹೇಳು. ಕಾರಣ ತಿಳಿದವನು ಕಾಯುತ್ತಾನೆ. ತಿಳಿಯದವನು ಮುಂದಿನ ವಾರ ಬರುವುದಿಲ್ಲ.

ಹುಡುಗಿಯರ ತಂಡದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಾನು ಕೆಲಸದಲ್ಲಿದ್ದಾಗ ಒಬ್ಬ ಆಟಗಾರ್ತಿಯ ಮನೆಗೆ ಹರಪನಹಳ್ಳಿ ಕಡೆಯ ತಾಂಡಾಕ್ಕೆ ಹೋಗಿದ್ದೆ. ಅವಳ ತಾಯಿ ಕಟ್ಟೆಯ ಮೇಲೆ ಚಾಪೆ ಹಾಸಿ, ನೀರು ಕೊಟ್ಟು, "ಯಾರ ಜೊತಿಗೆ ಹೋಗ್ತಾಳ್ರಿ? ರಾತ್ರಿ ಎಲ್ಲಿ ಮಲಗ್ತಾಳ? ಯಾವತ್ತು ವಾಪಸ್ ಬರ್ತಾಳ?" ಎಂದು ಕೇಳಿದರು. ಗೆಲುವು, ಪದಕದ ಮಾತೇ ಇಲ್ಲ. ಜೊತೆಗೆ ಬಂದಿದ್ದ ಅಧ್ಯಾಪಕಿ ತಮ್ಮ ಹೆಸರು, ಫೋನ್ ನಂಬರು, ಉಳಿಯುವ ಜಾಗ, ಬರುವ ದಿನ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ಆ ತಾಯಿ ಹಾಳೆಯನ್ನು ಮಡಚಿ ದೇವರ ಫೋಟೋದ ಹಿಂದೆ ಸಿಕ್ಕಿಸಿ, "ಕಳಸ್ತೀವ್ರಿ" ಅಂದರು. ನೀನೂ ಹೀಗೇ ಮಾಡು. ಹುಡುಗಿಯರ ತಂಡದ ಜೊತೆ ಅಧ್ಯಾಪಕಿಯೊಬ್ಬರು ಇರಲೇಬೇಕು, ಮನೆಯಲ್ಲಿ ಬರಹದ ಹಾಳೆ ಇರಲೇಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಅಭ್ಯಾಸಕ್ಕೆ ಬಂದುಹೋಗುವ ಖರ್ಚು ಇಳಿದಿದೆ, ಆದರೆ ಬಸ್ಸಿನ ಹೊತ್ತು ಬದಲಾಗಿಲ್ಲ. ಪ್ರಾಂಶುಪಾಲರ ಸಹಿ ಹಾಕಿಸಿ ಡಿಪೊ ಮ್ಯಾನೇಜರರಿಗೆ ಪತ್ರ ಕೊಡು, ಸಂಜೆಯ ಬಸ್ಸನ್ನು ಅರ್ಧ ಗಂಟೆ ಮುಂದೂಡಲು ಕೇಳು. ಇದು ಕೋಚ್ ಮಾಡುವ ಕೆಲಸವಲ್ಲ ಅನಿಸಬಹುದು. ಮ್ಯಾನೇಜರನ ಕೆಲಸ ಇದೇ.

ಕಾಗದಪತ್ರದಲ್ಲಿ ಗಟ್ಟಿಯಾಗಿರು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮವಿದೆ: ಆಟಗಾರ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ವಯಸ್ಸು 17ಕ್ಕಿಂತ ಕಡಿಮೆ ಇರಬಾರದು, 25 ದಾಟಿರಬಾರದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವುದು ನಮ್ಮ ಮಕ್ಕಳಲ್ಲಿ ಮಾಮೂಲು. ಅದನ್ನು ಜೂನ್, ಜುಲೈನಲ್ಲೇ ಸರಿಪಡಿಸು, ಪಂದ್ಯದ ಹಿಂದಿನ ರಾತ್ರಿ ಪರದಾಡಬೇಡ. ಹೆಸರಿಗಷ್ಟೇ ದಾಖಲಾಗಿ ತರಗತಿಗೆ ಬಾರದ ಹೊರಗಿನ ಆಟಗಾರನನ್ನು ತಂದು ಗೆಲ್ಲಿಸು ಎಂದು ಯಾರಾದರೂ ಒತ್ತಾಯ ಮಾಡಿದರೆ ಖಂಡಿತ ಒಪ್ಪಬೇಡ. ಅವನು ನಿಂತ ಜಾಗ ನಿನ್ನ ತಾಲ್ಲೂಕಿನ ಒಬ್ಬ ಹುಡುಗನದು. ದಿನಭತ್ಯೆಯ ಹಣವನ್ನು ತಂಡದವರೆಲ್ಲರ ಎದುರಿಗೇ ಹಂಚಿ ಸಹಿ ತೆಗೆದುಕೋ. ಒಬ್ಬ ಹುಡುಗನಿಗೆ ಇನ್ನೂರು ರೂಪಾಯಿಯ ಬಗ್ಗೆ ಅನುಮಾನ ಬಂದರೆ ಆ ತಂಡ ಮುಗಿಯಿತು. ಪ್ರತಿಯೊಬ್ಬರ ಪ್ರಮಾಣಪತ್ರದ ನಕಲು ತೆಗೆದಿಡು. ಪೊಲೀಸ್ ನೇಮಕಾತಿಯಲ್ಲಿ, ರೈಲ್ವೆಯಲ್ಲಿ, ವೃತ್ತಿಪರ ಕೋರ್ಸ್‌ಗಳ ಸೀಟಿನಲ್ಲಿ ಕ್ರೀಡಾ ಕೋಟಾ ಇದೆ. ಆ ಒಂದು ಹಾಳೆ ಬಡವರ ಮನೆಗೆ ಒಂದು ಎಕರೆ ನೀರಾವರಿ ಹೊಲ ಸಿಕ್ಕಂತೆ.

ಕೊನೆಯದಾಗಿ ಎಲ್ಲಕ್ಕಿಂತ ಕಷ್ಟದ ಮಾತು. ನೀನು ಪ್ರೀತಿಯಿಂದ ತಯಾರು ಮಾಡಿದ ಹುಡುಗನನ್ನು ದೊಡ್ಡ ಸಂಸ್ಥೆಯವರು ಕರೆಯುತ್ತಾರೆ. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಲ್ಲಿ ಆಟಗಾರರಿಗೆ ಓದು, ಊಟ, ವಸತಿಯನ್ನು ಉಚಿತವಾಗಿ ಕೊಡುತ್ತದೆ. ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯಕ್ಕೆ ಬಂದ ಹೆಸರಿನಲ್ಲಿ ಆ ಮಕ್ಕಳ ಪಾಲು ದೊಡ್ಡದು. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಜೈನ್ ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದಿತು. ಆಟಗಾರರನ್ನು ಹುಡುಕಿ, ಸೇರಿಸಿ, ಪೋಷಿಸುವ ಕೆಲಸವನ್ನು ನಮ್ಮ ನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಇವರು. ನಿನ್ನ ಹುಡುಗನಿಗೆ ಅಲ್ಲಿಂದ ಕರೆ ಬಂದರೆ ವರ್ಗಾವಣೆ ಪತ್ರ ತಡೆಹಿಡಿಯಬೇಡ, ಮನೆಯವರ ಕಿವಿಯಲ್ಲಿ ಅನುಮಾನ ಹಾಕಬೇಡ. ಫೀಸು, ಹಾಸ್ಟೆಲ್, ಗಾಯವಾದರೆ ಚಿಕಿತ್ಸೆ, ಓದು ಮುಂದುವರಿಸುವ ಭರವಸೆ ಎಲ್ಲವನ್ನೂ ಅವನ ಪರವಾಗಿ ನೀನೇ ಕೇಳಿ ಖಚಿತಪಡಿಸಿಕೊಂಡು ಕಳಿಸಿಕೊಡು. ಉಳಿಸಿಕೊಳ್ಳುವುದು ಎಂದರೆ ಅವನು ಆಟದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು, ನಿನ್ನ ಪಟ್ಟಿಯಲ್ಲೇ ಇರುವಂತೆ ಕಟ್ಟಿಹಾಕುವುದಲ್ಲ. ಒಬ್ಬ ಹೋದ ಹಾದಿ ನೋಡಿ ಹತ್ತು ಜನ ಅಂಕಣಕ್ಕೆ ಬರುತ್ತಾರೆ.

ಸಣ್ಣ ಊರಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಅಳುಕಬೇಡ. ಹೂವಿನಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಅವರು ವಕೀಲಿ, ರಾಜಕಾರಣದ ನಡುವೆಯೇ 'ರಂಗಭಾರತಿ' ಕಟ್ಟಿದರು, ಊರಿನವರಿಂದಲೇ ನಾಟಕ ಆಡಿಸಿದರು. ಕೊಟ್ಟೂರಿನ 'ಇಂದು' ಪದವಿಪೂರ್ವ ಕಾಲೇಜು ಪಿಯುಸಿ ಕಲಾ ವಿಭಾಗದಲ್ಲಿ ವರ್ಷದ ಮೇಲೆ ವರ್ಷ ರಾಜ್ಯಕ್ಕೆ ಮೊದಲಿಗರನ್ನು ಕೊಟ್ಟಿತು. ಅವರಿಗೆ ಸಿಕ್ಕಿದ್ದೂ ಇದೇ ಹಳ್ಳಿಗಳ ಮಕ್ಕಳೇ. ನಮ್ಮ ತಾಲ್ಲೂಕುಗಳಲ್ಲಿ ಪ್ರತಿಭೆಗೆ ಬರವಿಲ್ಲ, ಅದನ್ನು ಒಂದೆಡೆ ಸೇರಿಸಿ ಹೊಣೆ ಹೊತ್ತು ನಿಲ್ಲುವವರು ಬೇಕು.

ತಮ್ಮಾ, ಈ ವರ್ಷದ ಪ್ರವೇಶಾತಿ ಮುಗಿಯುವುದರೊಳಗೆ ನೋಟ್‌ಬುಕ್ ಶುರು ಮಾಡು. ಪಟ್ಟಿಗೆ ಹನ್ನೆರಡು ಹೆಸರು ಬರೆಯುವ ಮುನ್ನ ಆ ಹನ್ನೆರಡು ಮನೆಗಳಿಗೂ ಒಮ್ಮೆ ಹೋಗಿ ಬಾ. ಉಳಿದ ನಾಲ್ಕು ತಾಲ್ಲೂಕಿನ ನಿನ್ನ ಜೊತೆಗಾರರಿಗೂ ಇದನ್ನೇ ಹೇಳು. ಗೆಲುವು ಸೋಲು ಆಮೇಲಿನ ಮಾತು. ಮೊದಲ ವರ್ಷ ಬಂದ ಮಗು ಕೊನೆಯ ವರ್ಷವೂ ಆಡುತ್ತಿದ್ದರೆ ನೀನು ನಿನ್ನ ಕೆಲಸ ಮಾಡಿದ್ದೀಯ ಎಂದು ತಿಳಿ.

ಇತಿ ನಿನ್ನ ಹಿತ ಬಯಸುವ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ