'ತರಿದೆ' ಎಂದರೆ ನಗಬೇಡಿ

ಫೋನಿನಲ್ಲಿ ನಮ್ಮ ಐದು ವರ್ಷದ ಮಗಳು ಊರಿನ ಅಜ್ಜಿಗೆ ಹೇಳಿದಳು: "ಅಜ್ಜಿ, ನಾನು ಲೈಬ್ರರಿಯಿಂದ ಪುಸ್ತಕ ತರಿದೆ." ತರಿಯುವುದು ಎಂದರೆ ಕಡಿಯುವುದು! ಮನೆಯವರೆಲ್ಲ ಗೊಳ್ಳೆಂದು ನಕ್ಕೆವು. ಅವಳು ಫೋನು ಕೆಳಗಿಟ್ಟು ಎದ್ದು ಹೋದಳು. ಮುಂದಿನ ಮೂರು ಭಾನುವಾರ ಅಜ್ಜಿಯ ಹತ್ತಿರ ಬರೀ ಇಂಗ್ಲಿಷ್. ಅಜ್ಜಿಗೆ ಇಂಗ್ಲಿಷ್ ಬಾರದು.

ಆಮೇಲೆ ಕುಳಿತು ಯೋಚಿಸಿದೆವು. ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲವಾದ್ದರಿಂದ ಅದು ಕೇಳಿ ಕಲಿತದ್ದಲ್ಲ. ಮಾಡಿದೆ, ಓದಿದೆ, ನೋಡಿದೆ ಎಂಬುವನ್ನು ಕೇಳಿ ತಾನೇ ಒಂದು ಸೂತ್ರ ಕಂಡುಕೊಂಡು 'ತರು'ವಿಗೂ ಹಚ್ಚಿದ್ದಾಳೆ. ಕಷ್ಟವೆಂದರೆ ದಿನಬಳಕೆಯ ಎಷ್ಟೋ ಕ್ರಿಯಾಪದಗಳು ಈ ಸೂತ್ರಕ್ಕೆ ಬಗ್ಗುವುದಿಲ್ಲ: ತಂದೆ, ಬಂದೆ, ಕೊಟ್ಟೆ, ಬಿದ್ದೆ, ಹೋದೆ. ಬಹುವಚನದಲ್ಲೂ ಇದೇ ಕಥೆ. ಮರಗಳು ಸರಿಯಾದರೆ ಅಣ್ಣಗಳು, ಮಗುಗಳು ಯಾಕೆ ತಪ್ಪು?

1958ರಲ್ಲಿ ಜೀನ್ ಬರ್ಕೊ ಎಂಬ ಸಂಶೋಧಕಿ ಅಮೆರಿಕದ ಮಕ್ಕಳಿಗೆ ಒಂದು ವಿಚಿತ್ರ ಪ್ರಾಣಿಯ ಚಿತ್ರ ತೋರಿಸಿ, "ಇದು ವಗ್. ಈಗ ಎರಡಿವೆ, ಏನನ್ನುತ್ತೀರಿ?" ಎಂದು ಕೇಳಿದರು. ಹಿಂದೆಂದೂ ಕೇಳಿರದ ಪದಕ್ಕೂ ಮಕ್ಕಳು 'ವಗ್ಸ್' ಎಂದರು. ಇಂಗ್ಲಿಷಿನಲ್ಲಿ ಮೊದಮೊದಲು 'ವೆಂಟ್' ಎಂದು ಸರಿಯಾಗಿ ಹೇಳುತ್ತಿದ್ದ ಮಗುವೇ ಸೂತ್ರ ಹೊಳೆದ ಮೇಲೆ 'ಗೋಡ್' ಎನ್ನುವುದುಂಟು; ಕ್ರಮೇಣ ಮತ್ತೆ 'ವೆಂಟ್'ಗೆ ಬರುತ್ತದೆ. ಅಂದರೆ ತಪ್ಪು ಹೆಚ್ಚಾದದ್ದು ಕಲಿಕೆ ಮುಂದೆ ಹೋದದ್ದರ ಗುರುತು.

ನಮ್ಮ ತರ್ಕಶಾಸ್ತ್ರದವರಿಗೂ ಈ ಜಾರುದಾರಿ ಗೊತ್ತಿತ್ತು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಎನ್ನಬಹುದೇ? ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೋಡಿ ಎನ್ನುತ್ತಾರೆ ಅವರು. ಬೆಂಕಿಗೆ ಹಸಿ ಸೌದೆ ಸೇರಿದರೆ ಮಾತ್ರ ಹೊಗೆ. ಹೀಗೆ ಮರೆತುಹೋಗುವ ಷರತ್ತಿಗೆ ಅನ್ನಂಭಟ್ಟನ 'ತರ್ಕಸಂಗ್ರಹ'ದಲ್ಲಿ 'ಉಪಾಧಿ' ಎಂದು ಹೆಸರು.

ಮಗು ನೂರು ಮಾತು ಕೇಳಿ ಸೂತ್ರ ಕಟ್ಟಿತು. ದೊಡ್ಡವರಾದ ನಾವು? ಪ್ರಸಾದದ ಸಾಲಿನಲ್ಲಿ ನಿಂತು ಎರಡು ಮನೆಯ ಮಕ್ಕಳನ್ನು ಕಂಡು "ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಬರೋದೇ ಇಲ್ಲ" ಎಂದುಬಿಡುತ್ತೇವೆ. (ಎರಡೇ ಟೆಸ್ಟ್ ಮಾಡಿ ಪ್ರೋಗ್ರಾಂ ಗ್ರಾಹಕರಿಗೆ ಕಳಿಸಿದರೆ ಆಫೀಸಿನಲ್ಲಿ ನಮ್ಮನ್ನು ಬಿಡುತ್ತಾರೆಯೇ?) ಆ ಮನೆಗಳಲ್ಲಿ ಮಕ್ಕಳೊಡನೆ ಕನ್ನಡ ಆಡುವವರು ಇದ್ದಾರೋ ಇಲ್ಲವೋ ಎಂಬ ಉಪಾಧಿಯನ್ನು ಕೇಳುವುದೇ ಇಲ್ಲ.

ಈಗ ಅವಳು "ತರಿದೆ" ಎಂದರೆ ತಿದ್ದುವುದಿಲ್ಲ, ನಗುವುದಿಲ್ಲ. "ಹೌದಾ, ತಂದೆಯಾ? ಯಾವ ಪುಸ್ತಕ ತಂದೆ?" ಎಂದು ಮಾತು ಮುಂದುವರಿಸುತ್ತೇವೆ. ಹೋದ ಭಾನುವಾರ ಅಜ್ಜಿಯೂ ಹಾಗೇ ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕನ್ನಡದಲ್ಲೇ ಕೇಳಿದಳು: "ಅಜ್ಜಿ, ತಂದೆ ಅಂದ್ರೆ ಅಪ್ಪ ಅಲ್ವಾ?"