ಉದ್ದದ ಪದವೊಂದನ್ನು ಬಿಡಿಸಿ ನೋಡೋಣ

ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುವಾಗ ಉದ್ದದ ಪದವೊಂದು ಎದುರಾದೊಡನೆ ನಮ್ಮ ವಿದ್ಯಾರ್ಥಿಗಳ ದನಿ ಇಳಿಯುತ್ತದೆ. ಕನ್ನಡ ಮಾಧ್ಯಮದವರಿಗೆ ಇದು ಒಗ್ಗದೆಂದು ಹೆತ್ತವರಲ್ಲಿಯೂ ಕೆಲವರು ನಂಬಿದ್ದಾರೆ. ನಾವು ಹಾಗೆ ಎಣಿಸುವುದಿಲ್ಲ. ಬೇಕೆಂದೇ ದೊಡ್ಡದೊಂದನ್ನು ಆರಿಸಿಕೊಳ್ಳೋಣ: 'ಆಂಟಿಡಿಸೆಸ್ಟ್ಯಾಬ್ಲಿಷ್‌ಮೆಂಟೇರಿಯನಿಸಂ'. ಇಂಗ್ಲಿಷಿನಲ್ಲಿ ಬರೆದರೆ 28 ಅಕ್ಷರ!

ಇದನ್ನು ನಡುವಿನಿಂದ ಬಿಡಿಸಬೇಕು. ತಿರುಳು 'ಎಸ್ಟ್ಯಾಬ್ಲಿಷ್', ಅಂದರೆ ಸ್ಥಾಪಿಸು. 'ಮೆಂಟ್' ಸೇರಿದಾಗ ನಾಮಪದ; ಇಲ್ಲಿ ಅದರ ಅರ್ಥ ಚರ್ಚಿಗೆ ರಾಜ್ಯವಿತ್ತ ಅಧಿಕೃತ ಸ್ಥಾನ. 'ಡಿಸ್' ಆ ಸ್ಥಾನವನ್ನು ಕಳೆಯುತ್ತದೆ. 'ಆಂಟಿ' ಕಳೆಯುವುದನ್ನು ವಿರೋಧಿಸುತ್ತದೆ. 'ಏರಿಯನ್' ಎಂದರೆ ಆ ಪಕ್ಷದವನು, 'ಇಸಂ' ಅವನ ವಾದ. ಬ್ರಿಟನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇದು ದೊಡ್ಡ ಜಗಳವಾಗಿತ್ತು. ಐರ್ಲೆಂಡಿನ ಆಂಗ್ಲಿಕನ್ ಚರ್ಚು 1869ರ ಕಾಯಿದೆಯಿಂದ ಆ ಸ್ಥಾನವನ್ನು ಕಳೆದುಕೊಂಡಿತು. ವೇಲ್ಸಿನಲ್ಲಿ 1914ರ ಕಾಯಿದೆ ಮಹಾಯುದ್ಧದಿಂದಾಗಿ 1920ರಲ್ಲಷ್ಟೇ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ ಅದು ಇಂದಿಗೂ ಉಳಿದಿದೆ. (ಈಗ ಈ ಪದವನ್ನು ಅರ್ಥಕ್ಕಿಂತ ಉದ್ದಕ್ಕಾಗಿಯೇ ಹೇಳುವವರು ಹೆಚ್ಚು.)

ಹೀಗೆ ಪ್ರತ್ಯಯ ಪೇರಿಸುವುದು ನಮಗೇನು ಹೊಸತೆ? ಬುದ್ಧಿ, ಬುದ್ಧಿವಂತ, ಬುದ್ಧಿವಂತಿಕೆ, ಬುದ್ಧಿವಂತಿಕೆಯಿಂದಲೇ ಎಂದು ಒಂದನೆಯ ತರಗತಿಯ ಮಗುವೂ ತಡವರಿಸದೆ ಹೇಳುತ್ತದೆ.

ಇನ್ನು ಉಚ್ಚಾರ. ಆನ್-ಟಿ-ಡಿಸ್-ಎಸ್-ಟ್ಯಾಬ್-ಲಿಷ್-ಮೆನ್-ಟೇ-ರಿ-ಅ-ನಿ-ಜಂ: ಒಟ್ಟು 12 ತುಂಡು. ಕೊನೆಯ 'ಜಂ'ನಲ್ಲಿ ಬರವಣಿಗೆಯ ಮಟ್ಟಿಗೆ ಸ್ವರವೇ ಇಲ್ಲ, ಆದರೂ ಕಿವಿಗೆ ಅದೊಂದು ತುಂಡೇ.

ನಮಗೆ ನಿಜವಾಗಿ ತೊಡಕಾಗುವುದು ಒತ್ತು. ಕನ್ನಡದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲು ಸಿಕ್ಕೇ ಸಿಗುತ್ತದೆ. ಇಂಗ್ಲಿಷಿನಲ್ಲಿ ಒಂದು ತುಂಡು ಮೇಲೆದ್ದರೆ ನೆರೆಯವು ಕುಗ್ಗುತ್ತವೆ. 'ಎಸ್ಟ್ಯಾಬ್ಲಿಷ್'ನಲ್ಲಿ ಒತ್ತು 'ಟ್ಯಾಬ್' ಮೇಲೆ. 'ಮೆಂಟ್' ಬಂದರೂ 'ಡಿಸ್' ಬಂದರೂ ಅದು ಕದಲದು. 'ಏರಿಯನ್' ಬಂದೊಡನೆ ಮಾತ್ರ ಮುಖ್ಯ ಒತ್ತು 'ಟೇ' ಮೇಲೆ ಹಾರುತ್ತದೆ. 'ಇಸಂ' ಅದನ್ನು ಮತ್ತೆ ಅಲುಗಿಸುವುದಿಲ್ಲ. 'ಲೈಬ್ರರಿ'ಯಲ್ಲಿ ಒತ್ತು 'ಲೈ' ಮೇಲೆ, 'ಲೈಬ್ರೇರಿಯನ್'ನಲ್ಲಿ 'ಬ್ರೇ' ಮೇಲೆ. 'ವೆಜಿಟಬಲ್' ಮತ್ತು 'ವೆಜಿಟೇರಿಯನ್' ಪದಗಳನ್ನು ಒಂದರ ಹಿಂದೊಂದು ಹೇಳಿ ನೋಡಿರಿ, ಕಿವಿಗೇ ತಿಳಿಯುತ್ತದೆ.

'ಇಟಿ' ಎಂಬ ಪ್ರತ್ಯಯವೂ ಇಂತಹದೇ. ತನ್ನ ಹಿಂದಿನ ತುಂಡಿಗೆ ಒತ್ತನ್ನು ಎಳೆದುಕೊಳ್ಳುತ್ತದೆ. 'ಎಲೆಕ್ಟ್ರಿಕ್'ನಲ್ಲಿ 'ಲೆಕ್' ಮೇಲಿದ್ದುದು 'ಎಲೆಕ್ಟ್ರಿಸಿಟಿ'ಯಲ್ಲಿ 'ಟ್ರಿ' ಮೇಲೆ ಬೀಳುತ್ತದೆ. 'ಯುನಿವರ್ಸಿಟಿ', 'ರೆಸ್ಪಾನ್ಸಿಬಿಲಿಟಿ' ಪದಗಳಲ್ಲಿ ಒತ್ತು ಎಲ್ಲಿದೆಯೆಂದು ವಿದ್ಯಾರ್ಥಿಗಳು ಇಂದು ಸಂಜೆ ಮನೆಯವರೆದುರು ಗಟ್ಟಿಯಾಗಿ ಓದಿ ಕಂಡುಹಿಡಿಯಲಿ.